ವರದಿಯಲ್ಲಿ ಬೆಳೆದ ಮೂತ್ರಕೋಶ

ಈ ಪ್ರಸಂಗವನ್ನು ನಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹೇಳುವ ರೀತಿ ಹೀಗೆ: ಕ್ಯಾನ್ಸರಿಗೆ ಮೂತ್ರಕೋಶ ತೆಗೆಸಿಕೊಂಡ ಹಳ್ಳಿಯ ಯಜಮಾನನೊಬ್ಬ, ನಾಟಿ ಪಂಡಿತನ ಮಾತು ಕೇಳಿ, ಅದು ಮತ್ತೆ ಬೆಳೆಯುತ್ತದೆಂದು ನಂಬಿ ಕಿಡ್ನಿ ಕೆಡಿಸಿಕೊಂಡ. ಕೇಳಿದವರು ತಲೆ ಅಲ್ಲಾಡಿಸುತ್ತಾರೆ. "ಎಷ್ಟು ಹೇಳಿದರೂ ಈ ಜನ ಹೀಗೇ" ಎಂದು ಕಾಫಿ ಲೋಟ ಇಟ್ಟು ಎದ್ದು ಹೋಗುತ್ತಾರೆ. ಹೇಳುವುದಕ್ಕೆ ಬಹಳ ಅನುಕೂಲದ ಕಥೆ ಇದು. ಆ ಕಡೆ ಮೂಢನಂಬಿಕೆ, ಈ ಕಡೆ ವಿಜ್ಞಾನ, ಹೇಳುವವರು ಯಾವಾಗಲೂ ಈ ಕಡೆಯವರು.

ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕರುಣೆ ಕಾರಣವಲ್ಲ, ಒಂದು ಕಾಗದ ಕಾರಣ. ಯಜಮಾನರು ಬರೀ ಮಾತು ನಂಬಿದವರಲ್ಲ. ಅವರು ಪುರಾವೆ ಕೇಳಿದರು. ಪುರಾವೆ ಸಿಕ್ಕಿತು, ಸಹಿ ಮತ್ತು ಮೊಹರಿನ ಸಮೇತ. ಕೊಟ್ಟವನು ಪಂಡಿತನಲ್ಲ. ಅದನ್ನು ನೋಡಿ 'ಸರಿ' ಎಂದವನಂತೂ ಖಂಡಿತ ಪಂಡಿತನಲ್ಲ, ಅವನು ನಾನು.

ನಾನು ನರ್ಸು. ಆಸ್ಪತ್ರೆಯಲ್ಲಿ ಗಂಡಸು ನರ್ಸನ್ನು ಬ್ರದರ್ ಎನ್ನುತ್ತಾರೆ, ಊರಿನವರ ಬಾಯಲ್ಲಿ ಅದು ಬ್ರದ್ರು. ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಂಡು ಬದುಕಬೇಕಾದವರ ಮನೆಗೇ ಹೋಗಿ, ಅದನ್ನು ತೆಗೆಯುವುದು, ತೊಳೆಯುವುದು, ಮತ್ತೆ ಅಂಟಿಸುವುದು ಕಲಿಸುವುದು ನನ್ನ ಕೆಲಸ. ಮಂಡ್ಯದಿಂದ ಹೊರಟು ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಊರೂರು ಸುತ್ತುತ್ತೇನೆ. ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದವನು. ಪರವಾಗಿ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ಮೂರನೆಯ ವಾಕ್ಯಕ್ಕೆ ಉತ್ತರ ಸಿದ್ಧವಿಟ್ಟುಕೊಳ್ಳುವ ಅಭ್ಯಾಸ ಅಲ್ಲಿಂದ ಬಂದದ್ದು. ಅದರಿಂದ ಆದ ಅನಾಹುತವೂ ಈ ಬರಹದಲ್ಲಿದೆ.

ಯಜಮಾನರು ಚಿಕ್ಕರಸಿನಕೆರೆ ಕಡೆಯವರು. ವಯಸ್ಸು ಅರವತ್ತರ ಹತ್ತಿರ. ಮೂವತ್ತು ವರ್ಷದಿಂದ ಆಲೆಮನೆಯಲ್ಲಿ ಪಾಕ ನೋಡುವವರು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲಕ್ಕೆ ತಿರುಗುತ್ತದೆ ಎಂದು ಹೇಳುವುದು ಅವರ ಕೆಲಸ. ಒಂದು ಹನಿ ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, "ಇಳುಸ್ಲಾ" ಅಂದರೆ ಇಳಿಸಬೇಕು. ಕ್ಷಣ ತಡವಾದರೆ ಬೆಲ್ಲ ಕಪ್ಪಾಗುತ್ತದೆ, ಮುಂಚೆಯಾದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ.

ಅವರಿಗೆ ಆದ ಆಪರೇಷನ್ನಿನಲ್ಲಿ ಮೂತ್ರಕೋಶವನ್ನು ಪೂರ್ತಿ ತೆಗೆದಿದ್ದರು, ಜೊತೆಗೆ ಪ್ರಾಸ್ಟೇಟ್ ಗ್ರಂಥಿಯನ್ನೂ. ಸಣ್ಣ ಕರುಳಿನಿಂದ ಗೇಣುದ್ದದ ತುಂಡೊಂದನ್ನು ಬೇರೆ ಮಾಡಿ, ಎರಡೂ ಕಿಡ್ನಿಗಳಿಂದ ಬರುವ ನಾಳಗಳನ್ನು ಅದಕ್ಕೆ ಹೊಲಿದು, ಆ ತುಂಡಿನ ಇನ್ನೊಂದು ತುದಿಯನ್ನು ಹೊಕ್ಕುಳಿನ ಬಲಕ್ಕೆ ಹೊರಗೆ ತಂದಿದ್ದರು. ಕೆನ್ನೆಯ ಒಳಭಾಗದಷ್ಟು ಕೆಂಪಗೆ, ಒದ್ದೆಯಾಗಿ, ಅಂಗಿಯ ಗುಂಡಿಯಂತೆ ಕಾಣುವ ಬಾಯಿ. ಅದರಿಂದ ಉಚ್ಚೆ ಹನಿಯುತ್ತಲೇ ಇರುತ್ತದೆ. ತಡೆದುಕೊಳ್ಳುವ ಸ್ನಾಯು ಇಲ್ಲ, ಕೂಡಿಡುವ ಜಾಗ ಇಲ್ಲ.

"ಇದು ಕೆರೆ ಅಲ್ಲ ಯಜಮಾನ್ರೇ, ಕಾಲುವೆ," ಎಂದು ಮೊದಲ ದಿನವೇ ಹೇಳಿದ್ದೆ. "ನೀರು ಹರೀತಾನೇ ಇರ್ಬೇಕು. ನಿಂತ್ರೆ ಹಿಂದಕ್ಕೆ ಹೋಗಿ ಕಿಡ್ನಿಗೆ ನುಗ್ತದೆ."

"ತೂಬಿಲ್ಲದ ಕಾಲುವೆ ಅನ್ನು," ಎಂದು ನಕ್ಕಿದ್ದರು.

ಕಲಿಯುವುದರಲ್ಲಿ ಚುರುಕು. ಬೆಳಗ್ಗೆ ಕಾಫಿ ನೀರು ಏನೂ ಕುಡಿಯುವ ಮೊದಲೇ ಚೀಲ ಬದಲಿಸಬೇಕು, ಆಗ ಹನಿಯುವುದು ಕಡಿಮೆ. ಹಳೆಯದನ್ನು ಎಳೆಯಬಾರದು, ಚರ್ಮವನ್ನು ಒತ್ತಿ ಹಿಡಿದು ಮೇಲಿಂದ ಕೆಳಕ್ಕೆ ಬಿಡಿಸಬೇಕು. ಬಾಯಿಯ ಅಳತೆ ತೆಗೆದು ಅಂಟುಪಟ್ಟಿಯಲ್ಲಿ ಅಷ್ಟೇ ದೊಡ್ಡ ತೂತು ಕತ್ತರಿಸಬೇಕು. ದೊಡ್ಡದಾದರೆ ಉಚ್ಚೆ ಚರ್ಮಕ್ಕೆ ತಾಗಿ ಹುಣ್ಣಾಗುತ್ತದೆ. ಅಂಟಿಸುವವರೆಗೆ ಬಾಯಿಯ ಮೇಲೆ ಬಟ್ಟೆಯ ಸುರುಳಿ ಇಟ್ಟು ಹನಿ ಹೀರಿಸಬೇಕು. ಇಷ್ಟನ್ನೂ ಯಜಮಾನರು ಎರಡೇ ಸಲಕ್ಕೆ ಕಲಿತರು. ಅವರ ಹೆಂಡತಿ ಪಕ್ಕದಲ್ಲಿ ಕೂತು ಕತ್ತರಿ ಕೊಡುತ್ತಾ, "ಪಾಕ ನೋಡೋ ಕಣ್ಣು ಕಣಪ್ಪ, ಅಳತೆ ತಪ್ಪಾಕಿಲ್ಲ," ಎಂದು ಹೆಮ್ಮೆಪಟ್ಟರು.

ತೊಂದರೆ ಆದದ್ದು ಒಲೆಯ ಮುಂದೆ. ಆಲೆಮನೆಯ ಬಿಸಿಗೆ ಬೆವರು ಇಳಿದು ಅಂಟು ಮೆತ್ತಗಾಗುತ್ತಿತ್ತು. ಪಟ್ಟಿ ಬದಲಿಸಿದೆ, ಸೊಂಟಕ್ಕೆ ಬೆಲ್ಟು ಕೊಟ್ಟೆ, ಅಂಚಿಗೆ ಟೇಪು ಹಾಕಿಸಿದೆ. ಎರಡು ವಾರ ನಿಂತಿತು. ಆಮೇಲೆ ಒಂದು ದಿನ ಕೊಪ್ಪರಿಗೆಯ ಅಂಚಿನಲ್ಲಿ ಬಗ್ಗಿದಾಗ ಚೀಲ ಕಳಚಿ ಪಂಚೆಯೊಳಗೆ ಜಾರಿತು. ಉಚ್ಚೆ ಬಿದ್ದದ್ದು ನೆಲಕ್ಕೆ, ಬೆಲ್ಲಕ್ಕಲ್ಲ. ಆದರೂ ಆಲೆಮನೆಯವರು ಮಾರನೆಯ ದಿನ, "ನೀವು ಆಚೆ ಕಬ್ಬಿನ ಗಾಡಿ ನೋಡ್ಕಳಿ, ಕೊಪ್ಪರಿಗೆ ತಾವ ಬ್ಯಾಡಿ," ಎಂದರು. ಇಷ್ಟೇ ನಡೆದದ್ದು. ಕೊಪ್ಪರಿಗೆಯ ಮುಂದಿನ ಅವರ ಜಾಗ ಹೋಯಿತು. ಮೂತ್ರಕೋಶ ಮತ್ತೆ ಬೆಳೆಯುತ್ತದೆಯೇ ಎಂಬ ಪ್ರಶ್ನೆ ಅವರಲ್ಲಿ ಹುಟ್ಟಿದ್ದು ಈ ಘಟನೆಯ ನಂತರ. ಕ್ಯಾಂಟೀನಿನ ಕಥೆಯಲ್ಲಿ ಈ ಭಾಗ ಇರುವುದಿಲ್ಲ.

ಆಪರೇಷನ್ ಆಗಿ ಮೂರು ತಿಂಗಳಿಗೆ ಕಿಡ್ನಿ ಊದಿಕೊಂಡಿವೆಯೇ ಎಂದು ಸ್ಕ್ಯಾನ್ ಮಾಡಿಸಬೇಕು. ಚೀಟಿ ಬರೆದವನು ನಾನೇ. ಅದರಲ್ಲಿ ಸ್ಪಷ್ಟವಾಗಿತ್ತು: ಮೂತ್ರಕೋಶ ಪೂರ್ತಿ ತೆಗೆಯಲಾಗಿದೆ, ಎರಡೂ ಕಿಡ್ನಿ ನೋಡಿ. ಯಜಮಾನರು ಮದ್ದೂರಿನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ ಮಾಡಿಸಿದರು. ಡಿಗ್ರಿ ಓದುವ ಅವರ ಮಗಳು ವರದಿಯ ಫೋಟೋ ತೆಗೆದು ನನ್ನ ವಾಟ್ಸಾಪಿಗೆ ಕಳಿಸಿದಳು. ನಾನಾಗ ಕೆರಗೋಡಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಕಿಡ್ನಿಯ ಸಾಲು ಹುಡುಕಿದೆ. ಎರಡೂ ಸಹಜ ಎಂದಿತ್ತು. ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಫೋನು ಜೇಬಿಗಿಟ್ಟೆ.

ಮುಂದಿನ ಭೇಟಿಗೆ ಹೋದಾಗ ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಪಂಚೆ ಬಿಗಿಯಾಗಿ ಕಟ್ಟಿದ್ದರು. ಹೊಟ್ಟೆಯ ಬಲಗಡೆ ಚೀಲದ ಉಬ್ಬು ಕಾಣಲಿಲ್ಲ.

"ಚೀಲ ಎಲ್ಲಿ ಯಜಮಾನ್ರೇ?"

"ಬಿಚ್ಚಿ ಮಡುಗಿವ್ನಿ ಕಣ್ಲಾ. ಅದ್ರ ಕಾಲ ಮುಗೀತು."

ಒಳಗೆ ಕರೆದುಕೊಂಡು ಹೋಗಿ ಬಿಚ್ಚಿಸಿದೆ. ಆ ಕೆಂಪು ಬಾಯಿಗೆ ಔಷಧಿ ಬಾಟಲಿಯ ರಬ್ಬರ್ ಬಿರಡೆಯನ್ನು ಬಟ್ಟೆ ಸುತ್ತಿ ಒತ್ತಿದ್ದರು. ಮೇಲೆ ಹಳೆಯ ಸೀರೆಯ ಅಂಚಿನಿಂದ ಕಟ್ಟು. ಸುತ್ತಲ ಚರ್ಮ ಬೆಂದ ಹಾಗೆ ಸುಲಿದಿತ್ತು. ನನ್ನ ಬಾಯಿಂದ ಮಾತು ಹೊರಡಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಸುಳ್ಳಾಗುತ್ತದೆ. ಮಾತು ಧಾರಾಳವಾಗಿ ಹೊರಟಿತು.

"ಯಾರು ಹೇಳಿದ್ದು ಇದನ್ನ?"

"ಮಳವಳ್ಳಿ ಪಂಡಿತ್ರು ಬೇರು ಕೊಟ್ಟವ್ರೆ. ಒಳಗೆ ಚೀಲ ಬೆಳೀತಾ ಅದೆ. ನೀರು ನಿಲ್ಲುಸ್ತಾ ಹೋದ್ರೆ ದೊಡ್ಡದಾಯ್ತದೆ. ಮೊದ್ಲು ಅರ್ಧ ಗಂಟೆಗೇ ಪಕ್ಕದಲ್ಲಿ ಜಿನುಗೋದು, ಈಗ ಮೂರು ಗಂಟೆ ಹಿಡೀತದೆ. ಬೇಕಾದ್ರೆ ಗಡಿಯಾರ ಇಟ್ಕಂಡು ನೋಡು."

ಮೂರು ಗಂಟೆ ಹಿಡಿಯುತ್ತಿದ್ದದ್ದು ನಿಜ. ಕರುಳಿನ ತುಂಡು ಉಬ್ಬಿ, ಕಿಡ್ನಿಯ ನಾಳಗಳು ಹಿಗ್ಗಿ, ಕೊನೆಗೆ ಕಿಡ್ನಿಯೂ ಹಿಗ್ಗಿ ಜಾಗ ಕೊಡುತ್ತಿತ್ತು. ಅವರು ಬೆಳವಣಿಗೆ ಎಂದು ಅಳೆಯುತ್ತಿದ್ದದ್ದು ಈ ಊತವನ್ನು. ಹಾಗೆಂದು ಹೇಳಿದೆ.

"ಕಬ್ಬು ಕಡುದ್ಮೇಲೆ ಕೂಳೆ ಬರಾಕಿಲ್ವೇನ್ಲಾ? ನಾವೇನು ಮತ್ತೆ ಬಿತ್ತನೆ ಹಾಕ್ತೀವಾ?" ಎಂದರು ಯಜಮಾನರು.

"ಕೂಳೆ ಬರೋದು ಬುಡ ಉಳಿದ್ರೆ. ನಿಮ್ಮದು ಬುಡ ಸಮೇತ ಕಿತ್ತಿದ್ದಾರೆ."

"ಬೆಸಗರಳ್ಳಿ ಕಂಡಕ್ಟ್ರಿಗೆ ಬೆಳೀಲಿಲ್ವಾ? ಅವ್ರಿಗೂ ಇದೇ ಕಾಯ್ಲೆ, ಇದೇ ಆಪರೇಸನ್ನು. ಈಗ ಚೀಲ ಇಲ್ದೆ ಬಸ್ಸಲ್ಲಿ ನಿಂತ್ಕಂಡು ಟಿಕೀಟು ಅರೀತಾವ್ರೆ."

ಆ ಕಂಡಕ್ಟರು ನನ್ನ ಪಟ್ಟಿಯಲ್ಲೇ ಇದ್ದವರು. ಅವರದು ಬೇರೆ ಆಪರೇಷನ್ನು. ಗಡ್ಡೆ ಒಂದು ಮೂಲೆಯಲ್ಲಿದ್ದ ಕಾರಣ ಮೂತ್ರಕೋಶದ ಒಂದು ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಹೊಲಿದಿದ್ದರು. ಮೊದಮೊದಲು ಇಪ್ಪತ್ತು ನಿಮಿಷಕ್ಕೊಮ್ಮೆ ಓಡುತ್ತಿದ್ದವರು ಆರು ತಿಂಗಳಲ್ಲಿ ಸರಿಯಾದರು. ಉಳಿದ ಭಾಗ ಹಿಗ್ಗುತ್ತದೆ, ಒಳಪದರ ಹೊಸದಾಗಿ ಹಬ್ಬುತ್ತದೆ, ಸ್ವಲ್ಪ ಮಟ್ಟಿಗೆ ಬೆಳೆಯುತ್ತದೆ ಎಂದರೂ ತಪ್ಪಿಲ್ಲ. ಪೂರ್ತಿ ತೆಗೆದರೆ ಹಬ್ಬುವುದಕ್ಕೆ ಏನೂ ಉಳಿದಿರುವುದಿಲ್ಲ. ಇದನ್ನೂ ಹೇಳಿದೆ, ಪಾಯಿಂಟು ಪಾಯಿಂಟಾಗಿ.

ಆಗ ಯಜಮಾನರು ಒಳಗಿಂದ ಗಾಜಿನ ಲೋಟ ತರಿಸಿದರು. ಬೆಳಗಿನ ಉಚ್ಚೆ ಹಿಡಿದಿಟ್ಟಿದ್ದರು. ತಳದಲ್ಲಿ ಬಿಳಿ ಎಳೆಗಳು ತೇಲುತ್ತಿದ್ದವು. "ಇದೇನು ಹಂಗಾದ್ರೆ? ಹೊಸ ಚೀಲದ ಪೊರೆ ಕಣ್ಲಾ ಇದು."

"ಅದು ಲೋಳೆ. ಆ ತುಂಡು ಕರುಳಲ್ವಾ? ಮೂಗಲ್ಲಿ ಸಿಂಬಳ ಬರೋ ಹಾಗೆ ಕರುಳಿಂದ ಲೋಳೆ ಬರ್ತದೆ. ಎಲ್ಲರಿಗೂ ಬರ್ತದೆ."

"ಒಟ್ಟೇಲಿ ಸಿಂಬ್ಳ ಬತ್ತದಂತೆ ಕಣಮ್ಮೀ, ಕೇಳ್ದಾ?" ಎಂದು ಹೆಂಡತಿಗೆ ಹೇಳಿದರು. ಆಕೆ ಸೆರಗು ಬಾಯಿಗಿಟ್ಟು ನಕ್ಕರು. ನಾನೂ ನಕ್ಕೆ. ಗೆಲ್ಲುತ್ತಿದ್ದೇನೆ ಎನ್ನಿಸಿತ್ತು.

ಯಜಮಾನರು ಆಮೇಲೆ ಮೆಲ್ಲಗೆ ಕೇಳಿದರು: "ಬುಡ ಕಿತ್ತವ್ರೆ ಅಂತ ನಿಂಗೆ ಎಂಗೆ ಗೊತ್ತು? ನೀನು ಅಲ್ಲಿದ್ದಾ?"

"ಡಿಸ್ಚಾರ್ಜ್ ಪೇಪರಲ್ಲಿ ಬರೆದಿದ್ದಾರೆ."

"ಆಸ್ಪತ್ರೆ ಪೇಪರಲ್ಲಿ ಬರ್ದುದ್ದೆಲ್ಲ ನಿಜ ಅಂತೀಯಾ?"

"ನಿಜ. ಸಹಿ ಹಾಕಿದ ಡಾಕ್ಟ್ರು ಅದಕ್ಕೆ ಜವಾಬ್ದಾರಿ."

ಅವರು ಹೆಂಡತಿಯ ಕಡೆ ನೋಡಿ ತಲೆದೂಗಿದರು. "ಅಂಗಾದ್ರೆ ಸರಿ ಬುಡು. ನೀನೂ ಒಪ್ಪಿದ್ದೀಯಲ್ಲ."

ನಾನು ಏನು ಒಪ್ಪಿದ್ದೇನೆ? ಕೇಳಲಿಲ್ಲ. ಎದುರಾಳಿ ಸೋತನೆಂದು ಭಾವಿಸಿ, ಬಿರಡೆ ತೆಗೆಸಿ, ಹೊಸ ಚೀಲ ಅಂಟಿಸಿ, ಇನ್ನು ಮೇಲೆ ಹೀಗೆ ಮಾಡಬಾರದೆಂದು ಎಚ್ಚರಿಕೆ ಕೊಟ್ಟು, ಅವರ ಮನೆಯ ಮುದ್ದೆ ಉಂಡು ಬಂದೆ. ಬಿರಡೆಯನ್ನು ಕಸದಲ್ಲಿ ಎಸೆದು ಬಂದವನಿಗೆ, ಬಾಟಲಿಗಳು ಊರ ತುಂಬ ಇವೆ ಎಂಬುದು ಹೊಳೆಯಲಿಲ್ಲ.

ನಾಲ್ಕು ದಿನದ ಮೇಲೆ ಅವರ ಹೆಂಡತಿ ಫೋನು ಮಾಡಿದರು. "ಬ್ರದ್ರೇ, ಮತ್ತೆ ಅದ್ನೇ ಇಕ್ಕಂಡವ್ರೆ ಕಣಪ್ಪ. ಬ್ಯಾಡ ಅಂದ್ರೆ, ಬ್ರದ್ರೇ ಒಪ್ಪವ್ರೆ, ನಿಂದೇನು ಅಂತಾರೆ."

ನನಗೆ ಪಂಡಿತನ ಮೇಲೆ ಸಿಟ್ಟು ಬಂತು. ಮಳವಳ್ಳಿ ನನ್ನ ಊರು. ಮರುದಿನ ಬೆಳಗ್ಗೆಯೇ ಹೋದೆ. ಕಾಯಿಲೆಯವನ ಹಾಗೆ ಹೋಗಿ, ಮಾತಿಗೆ ಎಳೆದು, ಅವನ ಬಾಯಿಂದಲೇ ಸುಳ್ಳು ಹೇಳಿಸಿ ಹಿಡಿಯಬೇಕೆಂದು ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಜೋಡಿಸಿಕೊಂಡೆ.

ಪಂಡಿತ ಮನೆಯ ಮುಂದಿನ ಚಪ್ಪರದಲ್ಲಿ ಕೂತಿದ್ದ. ಎಂಟು ಹತ್ತು ಜನ ಕಾಯುತ್ತಿದ್ದರು. ಅವನ ತಲೆಯ ಮೇಲಿನ ಗೋಡೆಯಲ್ಲಿ ಲ್ಯಾಮಿನೇಟ್ ಮಾಡಿಸಿದ ಒಂದು ಜೆರಾಕ್ಸ್ ಪ್ರತಿ ನೇತಾಡುತ್ತಿತ್ತು. ಇಂಗ್ಲಿಷಿನ ಸ್ಕ್ಯಾನ್ ವರದಿ. ಹೆಸರಿನ ಮೇಲೆ ಕಪ್ಪು ಪಟ್ಟಿ ಅಂಟಿಸಿದ್ದ, ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದ. ಹತ್ತಿರ ಹೋಗಿ ಓದಿದೆ. ಮೂತ್ರಕೋಶ ಚೆನ್ನಾಗಿ ತುಂಬಿಕೊಂಡಿದೆ, ಗೋಡೆಯ ದಪ್ಪ ಸಹಜ, ಒಳಗೆ ಕಲ್ಲಾಗಲಿ ಗಡ್ಡೆಯಾಗಲಿ ಇಲ್ಲ. ಕೆಳಗೆ ಮದ್ದೂರಿನ ಸೆಂಟರಿನ ಮೊಹರು, ಡಾಕ್ಟರ ಸಹಿ. ನನ್ನ ಫೋನು ತೆಗೆದು ಹಳೆಯ ಫೋಟೋ ದೊಡ್ಡದು ಮಾಡಿ ನೋಡಿದೆ. ಅದೇ ವರದಿ. ಕಿಡ್ನಿಯ ಸಾಲಿನಿಂದ ಎರಡು ಸಾಲು ಕೆಳಗೆ ಅದೇ ವಾಕ್ಯ. ಅದರ ಕೆಳಗೆ ನಾನು ಕಳಿಸಿದ ಹೆಬ್ಬೆರಳು.

"ಏನು ತಾಪತ್ರಯ ತಂದೆ?" ಎಂದ ಪಂಡಿತ.

ಜೋಡಿಸಿಟ್ಟ ಪ್ರಶ್ನೆಗಳಲ್ಲಿ ಒಂದೂ ನೆನಪಾಗಲಿಲ್ಲ. "ತೆಗೆದ ಮೂತ್ರಕೋಶ ಬೆಳೀತದೆ ಅಂತ ನೀವು ಹೇಳಿದ್ರಂತೆ?"

"ನಾನೆಲ್ಲಿ ಯೋಳ್ದೆ? ಉರಿ ಮೂತ್ರಕ್ಕೆ ಬೇರು ಕೊಟ್ಟಿದ್ದೆ. ಆಮ್ಯಾಲೆ ಅವ್ರೇ ಈ ರಿಪೋಲ್ಟು ತಂದು ತೋರ್ಸುದ್ರು. ಬೆಳೆದದೆ ಅಂತ ಬರ್ದೋರು ನಿಮ್ಮ ಡಾಕ್ಟ್ರು. ಬೆಳೆದಿರೋ ಚೀಲುಕ್ಕೆ ನೀರು ನಿಲ್ಲುಸ್ಬೇಕು ತಾನೇ? ಅಷ್ಟು ಯೋಳ್ದೆ. ತಪ್ಪಾ?" ಕಾಯುತ್ತಿದ್ದವರ ಕಡೆ ತಿರುಗಿ, "ತಪ್ಪೇನ್ರಪ್ಪಾ?" ಎಂದ. ಅವರು ತಲೆಯಾಡಿಸಿದರು.

ಅವನು ಲಾಭಕೋರ. ಬೇರಿಗೂ ವರದಿಗೂ ಸಂಬಂಧವಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಹೆಸರಿನ ಮೇಲಿನ ಕಪ್ಪು ಪಟ್ಟಿಯೇ ಅದಕ್ಕೆ ಸಾಕ್ಷಿ. ಆದರೂ ಅವನ ವಾದದಲ್ಲಿ ನಾನು ಎತ್ತಿ ತೋರಿಸಬಹುದಾದ ಒಂದೇ ಒಂದು ಸುಳ್ಳು ಇದ್ದದ್ದು ಕೆಂಪು ಗೆರೆಯ ಮೇಲಿನ ಸಾಲಿನಲ್ಲಿ. ಅದನ್ನು ಬರೆದವರು ನಮ್ಮ ಕಡೆಯವರು. ಕೀವು, ಉಚ್ಚೆ, ಮಲ, ಇವುಗಳ ನಡುವೆಯೇ ನನ್ನ ಅನ್ನ. ಇವುಗಳಿಂದ ನನಗೆ ಎಂದೂ ಅಸಹ್ಯವಾಗಿಲ್ಲ. ಹೊಳೆಯುವ ಪ್ಲಾಸ್ಟಿಕ್ಕಿನೊಳಗಿನ ಆ ಸ್ವಚ್ಛ ಕಾಗದ ನೋಡಿ ಆಯಿತು.

ಕಾಗದದಲ್ಲಿ ಇನ್ನೊಂದು ಸಾಲೂ ಇತ್ತು. ಅದನ್ನು ಎರಡು ಸಲ ಓದಿಕೊಂಡು ಮದ್ದೂರಿನ ಬಸ್ಸು ಹತ್ತಿದೆ, ನಡುವೆ ಇಳಿದು ಆಟೋ ಹಿಡಿದೆ. ಬಸ್ಸಿನಲ್ಲೇ ಒಂದು ತೀರ್ಮಾನಕ್ಕೆ ಬಂದಿದ್ದೆ: ಇನ್ನು ವಾದ ಮಾಡುವುದಿಲ್ಲ. ನನ್ನ ತಪ್ಪು ಮೊದಲು ಹೇಳುತ್ತೇನೆ, ಆ ಸಾಲನ್ನು ಓದಿ ಹೇಳುತ್ತೇನೆ, ತೀರ್ಪು ಅವರೇ ಕೊಡಲಿ.

ಯಜಮಾನರ ಮನೆ ತಲುಪಿದಾಗ ಮಧ್ಯಾಹ್ನ. ಹೊರಗೆ ಉರಿಬಿಸಿಲು, ಒಳಗೆ ಯಜಮಾನರು ಎರಡು ಕಂಬಳಿ ಹೊದ್ದು ನಡುಗುತ್ತಿದ್ದರು. ಕೋಣೆಯಲ್ಲಿ ಹುಳಿ ವಾಸನೆ.

"ಜ್ವರ ಯಾವಾಗಿಂದ?"

"ನೆನ್ನೆಯಿಂದ. ಬೆಳೆಯೋವಾಗ ಬತ್ತದಂತೆ ಕಣ್ಲಾ. ಮಕ್ಳಿಗೆ ಹಲ್ಲು ಬರೋವಾಗ ಬರಾಕಿಲ್ವಾ, ಹಂಗೆ." ಹಲ್ಲು ಕಟಕಟ ಎನ್ನುತ್ತಿದ್ದರೂ ವಾದ ಬಿಟ್ಟಿರಲಿಲ್ಲ. ಎಡಬೆನ್ನಿನ ಮೇಲೆ ಕೈ ಇಟ್ಟರೆ ಕಿರುಚಿದರು.

"ಯಜಮಾನ್ರೇ, ಆ ಮದ್ದೂರು ರಿಪೋರ್ಟನ್ನ ನಾನು ಪೂರ್ತಿ ಓದ್ಲಿಲ್ಲ. ಕಿಡ್ನಿ ಸಾಲು ನೋಡಿ ಸರಿ ಅಂತ ಕಳಿಸ್ಬಿಟ್ಟೆ. ತಪ್ಪು ನಂದು."

ಅವರು ಕಂಬಳಿಯಿಂದ ಮುಖ ಹೊರಗೆ ಹಾಕಿದರು. "ಓದ್ಲಿಲ್ವಾ?"

"ಇಲ್ಲ. ಇವತ್ತು ಓದ್ದೆ. ಮೂತ್ರಕೋಶ ಇದೆ ಅಂತ ಬರೆದಿದ್ದಾರಲ್ಲ, ಅದರ ಕೆಳಗಿನ ಸಾಲಿನಲ್ಲಿ ಪ್ರಾಸ್ಟೇಟ್ ಗ್ರಂಥಿನೂ ಇದೆ, ಗಾತ್ರ ಸಹಜ ಅಂತ ಬರೆದಿದ್ದಾರೆ. ಅದನ್ನೂ ಆಪರೇಷನ್ನಲ್ಲಿ ತೆಗೆದಿದ್ರು. ಅದಕ್ಕೆ ಪಂಡಿತರು ಏನಾದ್ರೂ ಬೇರು ಕೊಟ್ಟಿದ್ರಾ?"

"ಅದ್ಯಾವ್ದಕ್ಕೂ ಕೊಟ್ಟಿಲ್ಲ."

"ಮತ್ತೆ ಅದು ಹೆಂಗೆ ಬಂತು?"

ಅವರು ಮಾಡಿನ ಕಡೆ ನೋಡುತ್ತಾ ಮಲಗಿದ್ದರು. ನನ್ನ ಜೀವನದಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು. ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

"ಅಂಗಾದ್ರೆ ಅವ್ನು ನೋಡೇ ಇಲ್ಲ," ಎಂದರು ಯಜಮಾನರು. "ಹನಿ ಬಿಟ್ಟು ನೋಡ್ದೆಯೇ ಪಾಕ ಇಳುಸ್ಬುಟ್ಟವ್ನೆ, ನನ್ಮಗ." ತಾವೇ ಕಟ್ಟು ಬಿಚ್ಚಿ, ಬಿರಡೆ ಕಿತ್ತರು.

ಮೊದಲು ಏನೂ ಬರಲಿಲ್ಲ, ಲೋಳೆ ಗಟ್ಟಿಯಾಗಿ ಕೂತಿತ್ತು. ಕೈತೊಳೆದು, ಗ್ಲೌಸು ಹಾಕಿ, ತೆಳು ರಬ್ಬರ್ ನಳಿಕೆಗೆ ಜೆಲ್ಲಿ ಹಚ್ಚಿ, ತಳ್ಳದೆ, ದಾರಿ ಬಿಟ್ಟಷ್ಟೇ ಒಳಗೆ ಬಿಟ್ಟೆ. ಎರಡು ಬೆರಳಷ್ಟು ಹೋದಾಗ ತಡೆ ಒಡೆಯಿತು. ಬೇಸಿನ್ನಿಗೆ ಬಿದ್ದದ್ದು ಉಚ್ಚೆ ಎನ್ನುವ ಹಾಗಿರಲಿಲ್ಲ. ಮಜ್ಜಿಗೆ ಒಡೆದ ಹಾಗೆ, ಹಸಿರು ಬೆರೆತ ಬಿಳುಪು, ನಡುನಡುವೆ ದಾರದಂಥ ಎಳೆಗಳು. ಕೊಳೆತ ಮೀನಿನ ವಾಸನೆ. ಬೇಸಿನ್ನು ಅರ್ಧ ತುಂಬಿತು, ಇನ್ನೂ ಬರುತ್ತಲೇ ಇತ್ತು. ಮಗಳು ಹೊರಗೆ ಹೋಗಿ ವಾಂತಿ ಮಾಡಿದಳು. ಯಜಮಾನರು ಬೇಸಿನ್ನಿನೊಳಗೆ ಇಣುಕಿ ನೋಡಿ, "ಇಷ್ಟೆಲ್ಲ ನನ್ನೊಳಗೆ ಇತ್ತೇನ್ಲಾ?" ಎಂದರು.

ಸಂಜೆಯೊಳಗೆ ಮಂಡ್ಯದ ಆಸ್ಪತ್ರೆಯಲ್ಲಿದ್ದರು. ಎಡ ಕಿಡ್ನಿ ಕೀವು ತುಂಬಿದ ಚೀಲದಂತಾಗಿತ್ತು, ಬೆನ್ನಿನ ಮೂಲಕ ನಳಿಕೆ ಇಳಿಸಿ ಬಸಿದರು. ಅದಕ್ಕೆ ಮೊದಲು ಸ್ಕ್ಯಾನ್ ಮಾಡುವಾಗ, ಸ್ಕ್ರೀನನ್ನು ಅವರ ಕಡೆ ತಿರುಗಿಸಿ ಎಂದು ನಾನು ಅಲ್ಲಿನ ಡಾಕ್ಟರನ್ನು ಕೇಳಿಕೊಂಡೆ. ಅವರು ತಿರುಗಿಸಿದರು. ಕಿಬ್ಬೊಟ್ಟೆಯ ಮೇಲೆ ಯಂತ್ರದ ಹಿಡಿ ಇಟ್ಟು, "ಇಲ್ಲಿ ಇರಬೇಕಿತ್ತು. ಇಲ್ಲ. ಇದು ಕರುಳು, ಇದೂ ಕರುಳು," ಎಂದು ಸಾವಧಾನವಾಗಿ ತೋರಿಸಿದರು. ಯಜಮಾನರು ಬಹಳ ಹೊತ್ತು ನೋಡಿದರು. ಅರ್ಧ ನಿಮಿಷದ ಕೆಲಸ ಅದು. ಮದ್ದೂರಿನಲ್ಲಿ ಆ ಅರ್ಧ ನಿಮಿಷ ಯಾರಿಗೂ ಸಿಕ್ಕಿರಲಿಲ್ಲ.

ಮೂರು ವಾರಕ್ಕೆ ಜ್ವರ ಇಳಿದು ರಕ್ತ ಪರೀಕ್ಷೆ ಸುಧಾರಿಸಿತು. ಬಲ ಕಿಡ್ನಿ ಉಳಿಯಿತು. ಎಡದ್ದು ಹೆಸರಿಗಷ್ಟೇ ಇದೆ. ಆಸ್ಪತ್ರೆಯಲ್ಲಿ ನಾನು ದೂರು ಬರೆಯುತ್ತೇನೆಂದಾಗ ಹಿರಿಯರೊಬ್ಬರು, "ಆ ಸೆಂಟರಿನಿಂದ ನಮಗೆ ರೋಗಿಗಳು ಬರ್ತಾರಪ್ಪ, ಯಾಕೆ ಸುಮ್ಮನೆ? ಮೂಢನಂಬಿಕೆ ಕೇಸು ಅಂತ ಬರೆದುಕೋ," ಎಂದರು. ಕ್ಯಾಂಟೀನಿನ ಕಥೆ ಹುಟ್ಟಿದ್ದು ಆ ವಾಕ್ಯದಿಂದ. ದೂರು ಬರೆದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಚೇತರಿಸಿಕೊಂಡ ಮೇಲೆ ಯಜಮಾನರು, "ಮದ್ದೂರಿಗೆ ಹೋಗ್ಬೇಕು ನಡಿ," ಎಂದರು. ಗಲಾಟೆ ಮಾಡುತ್ತಾರೇನೋ ಎಂದು ಹೆಂಡತಿಯೂ ಜೊತೆಗೆ ಬಂದರು. ಸೆಂಟರಿನಲ್ಲಿ ಜನ ತುಂಬಿದ್ದರು. ಒಬ್ಬರು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ, ಹೊರಗಿನ ಪ್ರಿಂಟರಿನಿಂದ ಅವರ ವರದಿ ಆಗಲೇ ಅರ್ಧ ಹೊರಬಂದಿರುತ್ತಿತ್ತು. ಒಂದು ಗಂಟೆ ಕಾದ ಮೇಲೆ ಡಾಕ್ಟರು ಕರೆದರು. ನಲವತ್ತರ ಆಸುಪಾಸಿನವರು, ಮಾತು ಮೃದು. ನಾನು ವರದಿಯನ್ನೂ, ಅದಕ್ಕೆ ಇನ್ನೂ ಪಿನ್ನು ಹೊಡೆದೇ ಇದ್ದ ನನ್ನ ಚೀಟಿಯನ್ನೂ ಮೇಜಿನ ಮೇಲಿಟ್ಟೆ.

ಅವರು ಓದಿದರು. ಕಿವಿ ಕೆಂಪಾಯಿತು, ಅಷ್ಟೇ. "ಇದು ಟೆಂಪ್ಲೇಟ್ ರೀ. ಎಲ್ಲ ಸಾಲೂ ಮೊದಲೇ ಇರುತ್ತೆ, ಬೇರೆ ಏನಾದರೂ ಕಂಡರೆ ನಾವು ತಿದ್ದುತ್ತೇವೆ. ಟೈಪ್ ಮಾಡೋ ಹುಡುಗಿ ಈ ಸಾಲು ಅಳಿಸೋದು ಮರೆತಿದ್ದಾಳೆ. ಸಣ್ಣ ಕ್ಲೆರಿಕಲ್ ಮಿಸ್ಟೇಕ್."

"ಸಹಿ ಹುಡುಗೀದಾ?" ಎಂದೆ.

"ನೋಡಿ, ದಿನಕ್ಕೆ ಎಷ್ಟು ಕೇಸು ಬರ್ತಾವೆ ಗೊತ್ತಾ ನಿಮಗೆ? ಹಳೇದು ಕೊಡಿ. ಎರಡು ನಿಮಿಷದಲ್ಲಿ ಸರಿ ಮಾಡಿ, ಅದೇ ತಾರೀಖು ಹಾಕಿ ಹೊಸದು ಕೊಡ್ತೀನಿ."

ನಿಜವಾಗಿಯೂ ಎರಡೇ ನಿಮಿಷದಲ್ಲಿ ಹೊಸ ಕಾಗದ ಬಂತು. ಮೂತ್ರಕೋಶ ಇಲ್ಲ, ಪ್ರಾಸ್ಟೇಟ್ ಇಲ್ಲ. ಮಿಕ್ಕ ಸಾಲುಗಳೆಲ್ಲ ಇದ್ದ ಹಾಗೇ ಇದ್ದವು. ಡಾಕ್ಟರು ಸಹಿ ಹಾಕಿ, ಮೊಹರು ಒತ್ತಿ, ಹಳೆಯದಕ್ಕಾಗಿ ಕೈ ಚಾಚಿದರು. ನನ್ನ ಗಂಟಲಿಗೆ ಒಂದು ಭಾಷಣವೇ ಬಂದು ನಿಂತಿತ್ತು. ಯಜಮಾನರು ನನ್ನ ಮೊಣಕೈ ಹಿಡಿದು ಹಿಂದಕ್ಕೆ ಸರಿಸಿದರು.

ಅವರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟರು. ಇಂಗ್ಲಿಷು ಬಾರದಿದ್ದರೂ ಮಗಳ ಹತ್ತಿರ ಸಾಲು ಸಾಲು ಓದಿಸಿಕೊಂಡು ಯಾವುದು ಎಲ್ಲಿದೆ ಎಂದು ಗುರುತಿಟ್ಟುಕೊಂಡಿದ್ದರು. ಕಪ್ಪುಗಟ್ಟಿದ ಬೆರಳನ್ನು ಹಳೆಯದರ ಮೂರನೆಯ ಸಾಲಿನ ಮೇಲಿಟ್ಟರು, ಆಮೇಲೆ ಹೊಸದರ ಮೂರನೆಯ ಸಾಲಿನ ಮೇಲೆ.

"ಉಚ್ಚೆ ಚೀಲುದ್ದು ಬುಡಿ ಸ್ವಾಮಿ, ಅದು ಇರ್ಲೇ ಇಲ್ಲ, ಅದ್ಕೆ ನೀವು ನೋಡ್ಲಿಲ್ಲ. ನಾನು ಬಿರಡೆ ಇಟ್ಟು ಕೆಡು‌ಸ್ಕಂಡೆ ಅಂತಾವ್ರೆ ಎಲ್ಲಾರೂ, ಇರ್ಬೋದು, ನಾನು ಇಲ್ಲ ಅನ್ನಾಕಿಲ್ಲ. ಆದ್ರೆ ನಿಮ್ಮತ್ರ ಬಂದಾಗ ಇನ್ನೂ ಬಿರಡೆ ಇಟ್ಟಿರ್ಲಿಲ್ಲ ನಾನು. ಎರಡು ಕಿಡ್ನಿನೂ ಚೆಂದಾಗವೆ ಅಂತ ಆವತ್ತೂ ಬರ್ದಿದ್ರಿ, ಈಗ ಈ ಹೊಸದ್ರಲ್ಲೂ ಅಂಗೇ ಬರ್ದಿದ್ದೀರಿ. ಆವತ್ತು ನನ್ನ ಎಡಗಡೆ ಕಿಡ್ನಿನಾದ್ರೂ ನೋಡಿದ್ರಾ?"